ದೋಣಿಗೆ ಹೋಗದವನು

ಫೆಬ್ರವರಿ 3, ಬುಧವಾರ

ಆರಕ್ಕೆ ಡ್ಯೂಟಿ. ಮಧ್ಯಾಹ್ನದೊಳಗೆ ಮೂವತ್ತೊಂದು ತುರ್ತು ಕಾಲ್. ಹಿಮದಲ್ಲಿ ಜಾರಿ ಬಿದ್ದವರು ಒಂಬತ್ತು, ಎದೆನೋವು ನಾಲ್ಕು. ಒಬ್ಬನಿಗೆ ಪಕ್ಕದ ಮನೆಯವನು ತನ್ನ ಅಂಗಳಕ್ಕೆ ಹಿಮ ತಳ್ಳಿದ ಅಂತ ಪೊಲೀಸ್ ಬೇಕಂತೆ. ಹದಿನಾರು ವರ್ಷದಿಂದ ಇದೇ ಕುರ್ಚಿ, ಇದೇ ಮಾತು — ನೈನ್ ಒನ್ ಒನ್, ಏನಾಯ್ತು ಹೇಳಿ.

ತನಿಖೆಯ ವರದಿ ಬಂತು. ಸೂಪರ್‌ವೈಸರ್ ಪರ್ಸೆಲ್ ಮೇಡಂ ತಾವೇ ತಂದುಕೊಟ್ಟರು. ಜನವರಿ ಒಂಬತ್ತರ ಟಿಸ್ಡೇಲ್ ಸಾವಿನಲ್ಲಿ ನನ್ನ ತಪ್ಪಿಲ್ಲ.

"ಎಲ್ಲಾ ನಿಯಮದ ಪ್ರಕಾರವೇ ಮಾಡಿದೀಯ ರೆನಾಟಾ. ಇನ್ನು ಮರೆತುಬಿಡು."

ಆಯ್ತು ಅಂದೆ. ಮರೆಯೋದು ಹೇಗೆ ಅಂತ ವರದಿಯಲ್ಲಿ ಬರೆದಿಲ್ಲ.

ಫೆಬ್ರವರಿ 6, ಶನಿವಾರ

ತಮ್ಮ ಲೆನ್ ಸಿನಿಮಾಗೆ ಎಳೆದುಕೊಂಡು ಹೋದ. ಸಿಟಿ ಬಸ್ಸಿನ ಮೆಕ್ಯಾನಿಕ್, ನಲವತ್ತೊಂದು ವರ್ಷ, ಇವತ್ತಿಗೂ ಹಾರ್ಬರ್‌ಮನ್ ಅನ್ನೋ ಹೀರೋನ ಕಾಮಿಕ್ಸು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಾಯ್ತಾನೆ. ಸಿನಿಮಾ ಬರುತ್ತೆ ಅಂತ ಎರಡು ವರ್ಷದಿಂದ ಹಾರಾಡ್ತಿದ್ದ.

ಅರ್ಧಕ್ಕೇ ಜನ ಎದ್ದು ಹೋದರು. ಲೆನ್ ಹೋಗಲಿಲ್ಲ, ಆದರೆ ಕೊನೆವರೆಗೂ ಹಲ್ಲು ಕಡೀತಾ ಕೂತಿದ್ದ.

ಸಿನಿಮಾದಲ್ಲಿ ಬಿರುಗಾಳಿ. ಸೇತುವೆ ಮುರೀತಿದೆ, ಮೇಲೆ ಸ್ಕೂಲ್ ಬಸ್ಸು. ಅದೇ ಹೊತ್ತಿಗೆ ಬಂದರಿನಾಚೆ ಜನ ತುಂಬಿದ ದೋಣಿ ಮುಳುಗ್ತಿದೆ. ಎಷ್ಟೇ ದೂರದ ಕೂಗಾದರೂ ಹಾರ್ಬರ್‌ಮನ್‌ಗೆ ಕೇಳುತ್ತೆ. ಅವನು ಸೇತುವೆಗೆ ಹೋಗ್ತಾನೆ. ದೋಣಿಯ ನಾವಿಕ ಜನಕ್ಕೆ ಹೇಳ್ತಾ ಇರ್ತಾನೆ — ಹೆದರಬೇಡಿ, ಕೂತಲ್ಲೇ ಇರಿ, ಅವನು ಬರ್ತಿದಾನೆ. ಅದೂ ಇವನ ಕಿವಿಗೆ ಬೀಳುತ್ತೆ. ಬಸ್ಸು ಹೊತ್ತುಕೊಂಡೇ ನಿಂತ ಅವನ ಮುಖ. ಸಂಗೀತ ಇಲ್ಲ. ಮುಖ ಅಷ್ಟೇ, ಎಷ್ಟೋ ಹೊತ್ತು...

ಯಾರೋ ನಕ್ಕರು. ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಫೆಬ್ರವರಿ 9, ಮಂಗಳವಾರ

ರಜೆ. ಹನ್ನೆರಡರ ಆಟಕ್ಕೆ ಒಬ್ಬಳೇ ಹೋದೆ. ಹಾಲ್‌ನಲ್ಲಿ ನಾನು ಮತ್ತೆ ನಿದ್ದೆ ಹೊಡೆಯೋ ಒಬ್ಬ ಮುದುಕ.

ಆ ಮುಖದ ಶಾಟ್ ಎಣಿಸಿದೆ. ಹನ್ನೊಂದು ಸೆಕೆಂಡ್.

ಪೇಪರಿನವನು ಬರೆದಿದಾನೆ: ಎರಡೂವರೆ ಗಂಟೆಯ ಶವಸಂಸ್ಕಾರ. ನಿಜ. ಅದಕ್ಕೇ ಹಿಡಿಸಿತು ನನಗೆ. ಉಳಿದರ್ಧದಲ್ಲಿ ಖಳನಿಲ್ಲ, ಹೊಡೆದಾಟವಿಲ್ಲ. ದೋಣಿಯಲ್ಲಿ ಸತ್ತ ಇಪ್ಪತ್ತೆರಡು ಜನರ ಮನೆಗೆ ನಡೆದುಕೊಂಡೇ ಹೋಗ್ತಾನೆ. ಹಾರಲ್ಲ. ಬಾಗಿಲು ತಟ್ಟಿ "ನನಗೆ ಕೇಳಿಸಿತ್ತು" ಅಂತಾನೆ. ಅಷ್ಟೇ ಮಾತು. ಒಬ್ಬಳು ಉಗೀತಾಳೆ. ಒಬ್ಬ ಸೂಪ್ ಹಾಕಿ ಕೊಡ್ತಾನೆ. ಕ್ಷಮಿಸಿ ಅಂತ ಒಂದು ಸಲವೂ ಕೇಳಲ್ಲ. ಯಾರು ಬರೆದರೋ ಇದನ್ನ. ಫೋನಿನ ಈ ತುದೀಲಿ ಕೂತು ಗೊತ್ತಿರೋರೇ ಇರಬೇಕು.

ಫೆಬ್ರವರಿ 16, ಮಂಗಳವಾರ, ಸಂಜೆ 4

ಬರೆದುಬಿಡ್ತೀನಿ.

ಜನವರಿ 9. ಹಿಮಗಾಳಿ. ಮ್ಯಾಕ್ಸಿನ್ ಟಿಸ್ಡೇಲ್ ಫೋನ್ ಮಾಡಿದರು — ಗಂಡ ಆರ್ವಿಲ್‌ಗೆ ಎದೆನೋವು, ಬೆವರು. ಅರ್ಧ ನಿಮಿಷದ ಹಿಂದಷ್ಟೇ ಕೊನೇ ಆಂಬುಲೆನ್ಸನ್ನ ಉಸಿರಾಡದ ಮಗುವಿನ ಮನೆಗೆ ಕಳಿಸಿದ್ದೆ. ಅದಕ್ಕೆ ನನಗೆ ದುಃಖವಿಲ್ಲ. ಮಗು ಬದುಕಿತು.

ಆದರೆ ಅವರು ಕೇಳಿದರು: "ಪಕ್ಕದ ಮನೆಯವನ ಹತ್ತಿರ ದೊಡ್ಡ ಟ್ರಕ್ ಇದೆ. ಅದರಲ್ಲಿ ಕರ್ಕೊಂಡು ಹೋಗ್ಲಾ?"

ನಾನು ಅಂದೆ: "ಅಲುಗಾಡಿಸಬೇಡಿ. ಬರ್ತಿದೆ."

ಬರ್ತಿರಲಿಲ್ಲ. ಹದಿನಾಲ್ಕು ನಿಮಿಷ ಒಂದೂ ಗಾಡಿ ಖಾಲಿ ಇರಲಿಲ್ಲ. ನನ್ನೆದುರಿನ ಪರದೆಯಲ್ಲೇ ಕಾಣ್ತಿತ್ತು. ಬರ್ತಿದೆ ಅಂತ ಹೇಳಬೇಕು ಅನ್ನೋದು ನಿಯಮ. ಆರು ಸಲ ಹೇಳಿದೆ. ಟೇಪಿನಲ್ಲಿದೆ.

ಫೆಬ್ರವರಿ 27, ಶನಿವಾರ

ಲೆನ್ ಮನೇಲಿ ಊಟ. ಐದನೇ ಸಲ ನೋಡಿದೆ ಅಂತ ಬಾಯಿ ಬಿಟ್ಟೆ. ಚಮಚ ಕೆಳಗಿಟ್ಟ.

"ತಲೆ ಕೆಟ್ಟಿದೆಯಾ ನಿನಗೆ? ನನ್ನ ಹಾರ್ಬರ್‌ಮನ್‌ನ ಸಾಯಿಸಿಬಿಟ್ರು ಅವರು!"

"ಅವನೇನು ಸಾಯಲ್ವಲ್ಲ."

"ಸತ್ತಿದ್ರೆ ವಾಸಿಯಾಗಿತ್ತು. ಹೀರೋ ಅಂದ್ರೆ ಎರಡೂ ಕಡೆ ಹೋಗ್ಬೇಕು."

"ಎರಡೂ ಕಡೆ ಹೋಗೋಕೆ ಯಾರಿಗೂ ಆಗಲ್ಲ ಲೆನ್."

"ಗೊತ್ತು ಕಣೇ! ನಿಜವಾಗಿ ಯಾರೂ ಬರಲ್ಲ ಅಂತ ಏಳು ವರ್ಷಕ್ಕೇ ಗೊತ್ತಾಗಿತ್ತು. ಅಪ್ಪ ಬೆಲ್ಟ್ ಬಿಚ್ಚಿದಾಗ ಮಂಚದ ಕೆಳಗೆ ಯಾಕೆ ಅದನ್ನ ಓದ್ತಿದ್ದೆ ಅಂದ್ಕೊಂಡೆ? ಅದರಲ್ಲಾದ್ರೂ ಒಬ್ಬ ಬರ್ತಿದ್ದ. ಬರದೇ ಇರೋರನ್ನ ನೋಡೋಕೆ ದುಡ್ಡು ಕೊಟ್ಟು ಹೋಗ್ಬೇಕಾ?"

ಅವನು ನಿಲ್ಲಿಸಲಿಲ್ಲ.

"ಬಾಗಿಲಲ್ಲಿ ನಿಂತಿದ್ದೆ ನೀನು. ಫೋನ್ ನಿನ್ನ ಕೈಲೇ ಇತ್ತು."

ಕೋಟು ತಗೊಂಡು ಬಂದುಬಿಟ್ಟೆ. ನನಗಾಗ ಹನ್ನೆರಡು.

ಮಾರ್ಚ್ 2, ಬುಧವಾರ

ಟಿಸ್ಡೇಲ್ ಮನೆಗೆ ಹೋಗಿದ್ದೆ. ಸತ್ತವರ ಕಡೆಯವರನ್ನ ನಾವು ನೋಡೋಹಾಗಿಲ್ಲ. ಹೋದೆ. ಒಬ್ಬಳೇ ಕಾರ್ ಓಡಿಸೋಕೆ ಆಗಲಿಲ್ಲ, ಲೆನ್‌ಗೆ ಹೇಳಿದೆ. ಏನೂ ಕೇಳದೆ ಬಂದ. ಹೊರಗೆ ಕಾರಲ್ಲೇ ಕೂತ.

ಮ್ಯಾಕ್ಸಿನ್ ಅಡುಗೆಮನೆ ಮೇಜಿನ ಮೇಲೆ ಗಂಡನ ಸಾಕ್ಸ್ ಜೋಡಿ ಮಾಡ್ತಿದ್ದರು, ಚರ್ಚಿಗೆ ಕೊಡೋಕೆ. ಹೆಸರು ಹೇಳೋ ಮುಂಚೆಯೇ ಅಂದರು, "ಈ ದನಿ ನನಗೆ ಗೊತ್ತು."

"ಆವತ್ತು ಗಾಡಿ ಹೊರಟೇ ಇರಲಿಲ್ಲ ಮೇಡಂ. ಗೊತ್ತಿದ್ದೂ ಬರ್ತಿದೆ ಅಂದೆ."

ಕೈಯಲ್ಲಿದ್ದ ಸಾಕ್ಸ್‌ಗೆ ಜೋಡಿ ಹುಡುಕೋದು ನಿಲ್ಲಿಸಿದರು.

"ಮತ್ತೆ, ಬಾಗಿಲು ತೆಗೆದಿಡಿ ಅಂದ್ರಲ್ಲ?"

"ಹಾಗೆ ಹೇಳಬೇಕು ಅಂತ ನಿಯಮ."

"ಆರ್ವಿಲ್ ಚಳಿ ಚಳಿ ಅಂತಿದ್ದ. ಬಾಗಿಲು ಹಾಕು ಮ್ಯಾಕ್ಸಿ ಅಂದ. ಬರೋರಿಗೆ ಮನೆ ಗೊತ್ತಾಗ್ಬೇಕು, ಸ್ವಲ್ಪ ತಡ್ಕೊಳ್ಳೋಕೆ ಏನು ರೋಗ ಅಂತ ಗದರಿಸಿದೆ. ಅವನಿಗೆ ನಾನು ಹೇಳಿದ ಕೊನೇ ಮಾತು ಅದು."

ಹಿಡಿದಿದ್ದ ಸಾಕ್ಸ್ ಮೇಜಿನ ಮೇಲಿಟ್ಟರು.

"ಹಿಮದಲ್ಲಿ ದಾರಿ ತಪ್ಪಿದ್ರೇನೋ ಅಂದ್ಕೊಂಡಿದ್ದೆ. ಪಾಪ, ಎಷ್ಟು ಒದ್ದಾಡಿದ್ರೋ ಅಂತ ಆ ಗಾಡಿಯವರಿಗೋಸ್ಕರಾನೂ ದಿನಾ ಪ್ರಾರ್ಥನೆ ಮಾಡ್ತಿದ್ದೆ. ಇನ್ನು ಯಾರಿಗೆ ಮಾಡ್ಲಿ?" ಎದ್ದರು. "ಹೊರಡಿ. ನಿಮಗೆ ಹಗುರ ಆಯ್ತಲ್ಲ."

ಆಗಲಿಲ್ಲ.

ಸಿನಿಮಾದಲ್ಲಿ ಅವನು ಹೇಳಿ ಹೊರಬಂದ ಮೇಲೆ ಒಳಗಿದ್ದವರಿಗೆ ಏನಾಯಿತು ಅಂತ ತೋರಿಸಲ್ಲ. ಕ್ಯಾಮೆರಾನೂ ಅವನ ಜೊತೆ ಹೊರಗೆ ಬಂದುಬಿಡುತ್ತೆ. ಐದು ಸಲ ನೋಡಿದೆ, ಗಮನಿಸಿರಲಿಲ್ಲ. ಹಾಗಂತ ಆ ಸಿನಿಮಾ ಸುಳ್ಳು ಅನ್ನೋಕೂ ಮನಸ್ಸು ಬರ್ತಿಲ್ಲ. ಆ ಹನ್ನೊಂದು ಸೆಕೆಂಡ್ ನಿಜ. ಆಮೇಲಿನದ್ದು... ಗೊತ್ತಿಲ್ಲ.

ಕಾರಲ್ಲಿ ಲೆನ್‌ಗೆ ಹೇಳಿದೆ: "ಆವತ್ತು ಫೋನ್ ಮಾಡಿದ್ರೆ ಅಪ್ಪ ನನ್ನ ಕಡೆಗೂ ಬರ್ತಿದ್ದ. ಅದಕ್ಕೇ ಮಾಡಲಿಲ್ಲ."

"ಗೊತ್ತು" ಅಂದ. ಸ್ವಲ್ಪ ದೂರ ಹೋದ ಮೇಲೆ, "ಆದ್ರೂ ಅದು ದರಿದ್ರ ಸಿನಿಮಾನೇ."

ಮಾರ್ಚ್ 11, ಶುಕ್ರವಾರ

ಮಂಜು. ಹೆದ್ದಾರಿಯಲ್ಲಿ ಹದಿನೇಳು ಗಾಡಿ ಒಂದಕ್ಕೊಂದು ಗುದ್ದಿವೆ. ಎಲ್ಲಾ ಆಂಬುಲೆನ್ಸೂ ಅಲ್ಲೇ.

10:40ಕ್ಕೆ ಒಬ್ಬ ಹೆಂಗಸು. ತಾಯಿಗೆ ಬಾಯಿ ಸೊಟ್ಟಗಾಗಿದೆ, ಮಾತು ನಿಂತಿದೆ.

"ಬೇಗ ಕಳಿಸಿ! ಹೊರಟಿದೆಯಾ?"

ಪಕ್ಕದ ಕುರ್ಚಿಯವನು ನನ್ನ ಕಡೆ ತಿರುಗಿದ್ದು ಕಣ್ಣಂಚಲ್ಲಿ ಕಂಡಿತು.

"ಇಲ್ಲಮ್ಮಾ. ಹೊರಟಿಲ್ಲ. ಇಪ್ಪತ್ತು ನಿಮಿಷವಾದರೂ ಆಗುತ್ತೆ. ಕಾರ್ ಇದೆಯಾ?"

"ಇದೆ... ಆದರೆ ದಾರೀಲಿ ಏನಾದ್ರೂ ಆದ್ರೆ?"

"ಆಗಬಹುದು. ಕೂತಿದ್ರೂ ಆಗಬಹುದು. ನಿಮ್ಮ ಜೊತೆ ಫೋನಲ್ಲಿ ಇರ್ತೀನಿ, ನಿಧಾನಕ್ಕೆ ಓಡಿಸಿ."

ಒಂಬತ್ತು ನಿಮಿಷ. ಆಸ್ಪತ್ರೆ ಬಾಗಿಲು ಕಂಡಿತು ಅಂತ ಕಿರುಚಿದಳು. ಆಮೇಲೆ ಲೈನ್ ಕಟ್ಟಾಯಿತು.

ಮಾರ್ಚ್ 14, ಸೋಮವಾರ

ಆ ತಾಯಿ ಬದುಕಿದಾರಂತೆ. ಬಲಗೈ ಬರಲ್ಲ.

ಪರ್ಸೆಲ್ ಮೇಡಂ ಟೇಪ್ ಹಾಕಿದರು. ನನ್ನ ದನಿ ನಾನೇ ಕೇಳಿದೆ. ನಡುಗಿರಲಿಲ್ಲ.

"ದಾರೀಲಿ ಸತ್ತಿದ್ರೆ ಏನು ಮಾಡ್ತಿದ್ದೆ?"

"ಗೊತ್ತಿಲ್ಲ."

"ಅದಕ್ಕೇ ನಿಯಮ ಇರೋದು ರೆನಾಟಾ. ಗೊತ್ತಿಲ್ಲದವರಿಗೆ."

ಸರಿಯೇ. ಅವರ ಮಾತೂ ಸರಿಯೇ.

ಒಂದು ಹಾಳೆ ಮುಂದಿಟ್ಟರು, ಟೈಪ್ ಮಾಡಿದ್ದು. ಗೊಂದಲದಲ್ಲಿ ನಿಯಮ ಮೀರಿದೆ ಅಂತ. "ಸಹಿ ಹಾಕು. 'ಗೊಂದಲ' ಅಂತಿದ್ರೆ ಒಂದು ವಾರ ಮನೇಲಿರ್ತೀಯ, ಅಷ್ಟೇ. ಕೆಲಸ ಉಳಿಯುತ್ತೆ. ನನ್ನ ಕೈಲಾದದ್ದು ಇಷ್ಟೇ."

ಪೆನ್ ಅವರದ್ದೇ. ಆ ಪದ ಹೊಡೆದುಹಾಕಿದೆ. ಅದರ ಮೇಲೆ ಸಣ್ಣಗೆ ಬರೆದೆ: ಗೊತ್ತಿದ್ದೇ. ಸಹಿ ಹಾಕಿದೆ.

ಓದಿ ಕನ್ನಡಕ ತೆಗೆದರು. ಬೈಯಲಿಲ್ಲ. ಆಫೀಸಿನಲ್ಲಿ ನನ್ನ ಸಾಮಾನಿಡೋ ಬೀರುವಿನ ಬೀಗದಕೈ ಕೇಳಿದರು, ಕೊಟ್ಟೆ.

ಮನೆಗೆ ಬಂದಾಗ ಎರಡೂಕಾಲು. ಬಿಸಿಲಿದೆ. ನಾಳೆ ಬೆಳಿಗ್ಗೆ ಎಂದಿನ ಹಾಗೆ ಐದಕ್ಕೆ ಎಚ್ಚರ ಆಗುತ್ತೆ. ಆ ಕುರ್ಚಿ ಇನ್ನು ನನ್ನದಲ್ಲ. ಎದ್ದು —