ಒಡೆಯಬಾರದ ಹೆಸರು

ಗೋಕಾಕ, ೪ ಜೂನ್ ೧೯೬೨

ದಡ್ಡಿ ಊರಿನ, ಹುಕ್ಕೇರಿ ಶಾಲೆಯ ಅಕ್ಕೋರಾದ ಜರೀನಾಬಿಗೆ ಶಿದ್ಲಿಂಗಪ್ಪ ಕಾಕಾನ ಆಶೀರ್ವಾದ.

ಪತ್ರ ಬರೆಯುವುದು ನನ್ನ ಕೆಲಸವಲ್ಲ. ಮಂದಿ ಬರೆದದ್ದಕ್ಕೆ ಅಕ್ಷರದ ಮೊಳೆ ಜೋಡಿಸಿ ಅಚ್ಚಿಗೆ ಕೊಡುವುದು ನನ್ನ ಕೆಲಸ. ಅಂಥವನನ್ನು ಮಗಳು ಸೀತವ್ವ ಕಾಗದದ ಮುಂದೆ ಕೂಡಿಸಿದ್ದಾಳೆ. "ಹುಕ್ಕೇರಿ ಅಕ್ಕೋರಿಗೆ ಬೈಯೂದಿದ್ರ ನೀನ ಬರಿ ಅಪ್ಪಾ, ನಾ ಬರಿಯಂಗಿಲ್ಲ" ಅಂದಳು. ನಾಲ್ಕನೆಯ ಇಯತ್ತೆಗೆ ಸಾಲಿ ಬಿಟ್ಟವನ ಬರಹ ಇದು. ಕೆಂಪು ಶಾಯಿ ಹಿಡಿದು ಓದಬೇಡ.

ಐದು ವರ್ಷದ ಹಿಂದೆ ನೀನು ಕಾಲೇಜಿನ ವಾರ್ಷಿಕ ಸಂಚಿಕೆ ಹಿಡಿದುಕೊಂಡು ನಮ್ಮ ಪ್ರೆಸ್ಸಿಗೆ ಬಂದೆ. ಅದರಲ್ಲಿ ಹಳೆಯ ವಿದ್ಯಾರ್ಥಿಗಳ ಮೇಲೆ ಇಂಗ್ಲಿಷಿನ ಲೇಖನವಿತ್ತು. ನಿನ್ನನ್ನು 'ನೋಟಬಲ್', ಅಂದರೆ ಹೆಸರಿಸತಕ್ಕವಳು, ಎಂದು ಹೊಗಳಿದ್ದರು. ನನಗೆ ಇಂಗ್ಲಿಷಿನ ಅಕ್ಷರ ಗೊತ್ತು, ಅರ್ಥ ಗೊತ್ತಿರಲಿಲ್ಲ. ಸಾಲಿನ ತುದಿಗೆ ಜಾಗ ಸಾಲದೆ ಮೂರು ಅಕ್ಷರ ಮೇಲೆ ಉಳಿಸಿ, ಗೀಟು ಹಾಕಿ, ಮಿಕ್ಕದ್ದನ್ನು ಕೆಳಗೆ ಇಳಿಸಿದ್ದೆ. ಮೇಲೆ 'ನಾಟ್', ಕೆಳಗೆ 'ಏಬಲ್'. ಕೈಲಾಗದವಳು ಎಂದು ಅಚ್ಚಾಗಿ ಊರೆಲ್ಲ ಹಂಚಿಹೋಗಿತ್ತು.

ನೀನು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. "ಮೂವತ್ತ ವರ್ಸ ಆತು ಈ ಕೆಲಸಾ ಮಾಡಾಕತ್ತು. ನೀ ಏನ ಕಲಸಾಕ ಬಂದಿ ನನಗ?" ನೀನು ಕಾಗದದ ಗಂಟಿನ ಮೇಲೆ ಕೂತು ನಕ್ಕೆ. "ನಾ ದಡ್ಡಿಯಾಕಿ ಖರೆ ಕಾಕಾ. ಆದ್ರ ದಡ್ಡಿ ಅಲ್ರಿ." ಅವತ್ತು ನನ್ನ ಸಿಟ್ಟಿಗೆ ನಿಲ್ಲಲು ಜಾಗ ಸಿಗಲಿಲ್ಲ.

ಆಮೇಲೆ ನೀನು ನಿಮ್ಮ ಶಾಲೆಯ ಪ್ರಶ್ನೆಪತ್ರಿಕೆ ಅಚ್ಚು ಮಾಡಿಸಲು ಬಂದಾಗಲೆಲ್ಲ ಹತ್ತು ಶಬ್ದ ಬರೆದು ತಂದೆ. ಸಂತೆಯ ಇಂಗ್ಲಿಷಲ್ಲ, ಕಾಲೇಜಿನ ದಪ್ಪ ಪುಸ್ತಕದ ಇಂಗ್ಲಿಷು. "ಶಬ್ದಕ್ಕೂ ಕೀಲ ಇರ್ತಾವ್ರಿ. ಕೀಲಿನ್ಯಾಗ ಬಿಚ್ರಿ, ಅರ್ಥ ತಾನ ಹೊರಗ ಬರ್ತೈತಿ. ಸಣ್ಣ ಶಬ್ದ ಇದ್ರ ಒಡೀಬ್ಯಾಡ್ರಿ, ಇಡೀದು ಕೆಳಗ ಇಳಸ್ರಿ" ಅಂದೆ. ನಾನು ಗೊಣಗುತ್ತಲೇ ಕಲಿತೆ. ಕಲಿತೆ ಎಂದು ನಿನಗೆ ಹೇಳಲಿಲ್ಲ.

ಆ ಕಲಿಕೆ ಎಲ್ಲಿ ಉಪಯೋಗಕ್ಕೆ ಬಂತು ಎಂಬುದನ್ನೂ ಹೇಳಿಲ್ಲ. ಸೀತವ್ವ ಬೆಳಗಾವಿಯಲ್ಲಿ ಕಾಲೇಜು ಸೇರಿದ ವರ್ಷ ಪೆಟ್ಟಿಗೆ ಸಮೇತ ಮನೆಗೆ ಬಂದಳು. ಅವಳ ಪ್ರಬಂಧದ ಮೇಲೆ ಪ್ರೊಫೆಸರರು ಒಂದೇ ಶಬ್ದ ಬರೆದಿದ್ದರು, 'ಇನ್‌ಕಾಂಪ್ರೆಹೆನ್ಸಿಬಲ್'. "ಬೈದದ್ದೂ ತಿಳೀಲಿಲ್ಲಪಾ ನನಗ. ಇನ್ನ ಓದೂದೇನ?" ಅಂದಳು. ನಾನು ಕೈ ತೊಳೆದುಕೊಂಡು ಬಂದು ಆ ಶಬ್ದ ಬಿಚ್ಚಿದೆ. 'ಇನ್' ಅಂದರೆ ಅಲ್ಲ. ನಡುವಿನದು ತಿಳಿದುಕೊಳ್ಳುವುದು. ಬಾಲ ಅಂದರೆ ಆಗುವಂಥದು. "ತಿಳಕೊಳ್ಳಾಕ ಆಗದ್ದು, ಅಷ್ಟ ಬರದಾರವ್ವಾ. ತಿಳಿಯೂ ಹಂಗ ಇನ್ನೊಮ್ಮೆ ಬರಿ." ಅವಳು ನನ್ನ ಮುಖ ನೋಡಿದಳು. ಅಪ್ಪನೂ ಸಾಲಿಗೆ ಹೋದವನೇ ಎಂಬಂತೆ ನೋಡಿದಳು. ಆ ನೋಟ ನೀನು ಕೊಟ್ಟದ್ದು.

ಸೋಮವಾರ ತಿರುಗಿ ಕಾಲೇಜಿಗೆ ಹೋದಳು, ನಿನ್ನ ಶಬ್ದಗಳ ಚೀಟಿ ಕಟ್ಟಿಕೊಂಡು. ಈಗ ಬಿ.ಎ. ಪಾಸಾಗಿದ್ದಾಳೆ.

ಆ ಚೀಟಿಗಳೆಲ್ಲ ಕೂಡಿ ಆರುನೂರು ಶಬ್ದವಾಗಿವೆ. ಕೌಜಲಗಿ, ಅಂಕಲಗಿಯಿಂದ ಕಾಲೇಜಿಗೆ ಹೋಗುವ ಮಕ್ಕಳಿಗೆ ಇರಲಿ ಎಂದು ಪುಸ್ತಕ ಮಾಡೋಣ ಅಂದೆ, ನೀನು ಒಪ್ಪಿದೆ. ಕೊನೆಯ ಕರಡಿನ ಜೊತೆ ಏನು ಬರೆದು ಕಳಿಸಿದೆ? "ನನ್ನ ಹೆಸರ ಬ್ಯಾಡ್ರಿ ಕಾಕಾ. ಸಾಲಿ ಮಾಸ್ತರಣಿ ಪುಸ್ತಕಾ ಅಂತ ಪ್ರೊಫೆಸರರು ನಗತಾರ." ಐದು ವರ್ಷದ ಹಿಂದೆ ನಾನು ತಿಳಿಯದೆ ನಿನ್ನನ್ನು ಕೈಲಾಗದವಳು ಮಾಡಿದೆ. ಈಗ ತಿಳಿದೂ ತಿಳಿದೂ ನೀನೇ ಮಾಡಿಕೊಳ್ಳುತ್ತಿದ್ದೀ. ನಗುವವರು ನಗಲಿ. ಅವರು ಬರೆದ ಶಬ್ದ ನನ್ನ ಮಗಳಿಗೆ ತಿಳಿಯುವಂತೆ ಮಾಡಿದವಳು ನೀನು.

ಮೊದಲ ಪುಟ ಜೋಡಿಸಿ, ಮೊಳೆ ಕದಲದಂತೆ ದಾರ ಸುತ್ತಿ ಇಟ್ಟಿದ್ದೇನೆ. ನಿನ್ನ ಹೆಸರು, ನಿನ್ನ ಊರಿನ ಹೆಸರು ಸೇರಿ ಉದ್ದವಾಯಿತು. ಒಡೆಯಲಿಲ್ಲ. ಸಾಲನ್ನೇ ಅಗಲ ಮಾಡಿದೆ.

ನಿನ್ನ ಕಣ್ಣು, ಕೈ, ದನಿ ಗಟ್ಟಿ ಇರಲಿ. ಇನ್ನೂ ನೂರು ಮಂದಿಗೆ ಕಲಿಸು.

ಮಂದಿಯ ಮದುವೆ ಪತ್ರಿಕೆಗೆ ಇದೇ ಮೊಳೆ ಬೇಕಾಗಿವೆ, ಕಟ್ಟಿದ ಪುಟ ಬಹಳ ದಿನ ಇಡಲಾಗುವುದಿಲ್ಲ. ಜೂನ್ ಹದಿನೆಂಟರೊಳಗೆ 'ಹೂಂ' ಎಂದು ಬರೆದು ಕಳಿಸು. ಬೇರೆ ಉತ್ತರ ಬೇಡ.

ನಿನ್ನ ಕಾಕಾ,
ಶಿದ್ಲಿಂಗಪ್ಪ