ಪಾಯಿಮಾನ ಅಪ್ಪ

ಮಾರ್ಚ್ 4, ಬೆಳಿಗ್ಗೆ 6
ಬಾಲಿಗೆ ಎಂಬ ನಮ್ಮ ಊರಿನ ಸಮಸ್ತ ಮಹಾಜನರಿಗೂ ತೋಬಾ ಸರೋವರದ ಸಕಲ ಮೀನುಗಳಿಗೂ ತಿಳಿಯಪಡಿಸುವುದೇನೆಂದರೆ — ನಮ್ಮ ಹಂದಿ ಹನ್ನೆರಡು ಮರಿ ಹಾಕಿದೆ. ಗಂಡುಹಂದಿ ಪಕ್ಕದ ಗೂಡಿನಲ್ಲಿ ಗೊರಕೆ ಹೊಡೆಯುತ್ತಿದೆ. ಅದರ ಮೇಲೂ ಹೊಟ್ಟೆಕಿಚ್ಚು. ಅಲ್ಲಿಗೆ ಬಂದಿದೆ ನನ್ನ ಸ್ಥಿತಿ.

ತಮ್ಮ ಬಿನ್ಸಾರ್ ಬಂದ. ಕಂಕುಳಲ್ಲಿ ಮಗಳು ತಿಯೂರ್. ಎರಡನೆಯದು ಮನೆಯಲ್ಲಿ, ತೊಟ್ಟಿಲಲ್ಲಿ.

"ಹನ್ನೆರಡಂತೆ ಅಣ್ಣಾ! ನಿನ್ ಕೈಗುಣ ಚೆನ್ನಾಗಿದೆ ಕಣೋ."

ಕೈಗುಣ! ಹಾಳಾಗಿ ಹೋಗಲಿ.

ನಮ್ಮವರಲ್ಲಿ ಮೊದಲ ಮಗು ಹುಟ್ಟಿದೊಡನೆ ಗಂಡಸಿನ ಸ್ವಂತ ಹೆಸರು ಪೆಟ್ಟಿಗೆ ಸೇರುತ್ತದೆ. ಅವನೀಗ ತಿಯೂರಪ್ಪ. ನಾನು, ಮೊನಾಂಗ್, ಮದುವೆಯಾಗಿ ಆರು ವರ್ಷ — ಪಾಯಿಮಾನ ಅಪ್ಪ. ಪಾಯಿಮಾ ಎಂದರೆ ಕಾಯುವುದು. ಹುಟ್ಟದ ಮಗುವಿಗೆ ಊರು ಇಟ್ಟ ಹೆಸರು.

ಅಮ್ಮನಿಗೂ ಅಜ್ಜಿಯ ಹೆಸರು ಬರಬೇಕಾದದ್ದು ಹಿರಿಮಗನ ಮಗುವಿನಿಂದ. ಕಾದದ್ದು ಸಾಕು, ಈಸ್ಟರ್ ದಿನ 'ತಿಯೂರಜ್ಜಿ' ಎಂದು ಕರೆದುಬಿಡೋಣ ಎನ್ನುತ್ತಿದ್ದಾರಂತೆ ಹಿರಿಯರು. ಅದೂ ತಮ್ಮನ ಪಾಲಿಗೆ!

ಮಾರ್ಚ್ 9
ಟೆಸ್ಟ್ ರಿಪೋರ್ಟ್ ಬಂತು. ವೀರ್ಯಾಣುಗಳು ಕಡಿಮೆ. ಇರುವವೂ ಸೋಮಾರಿಗಳು.

ಹೆಂಡತಿ ರೋತುವಾ ಮೆಣಸು ಕುಟ್ಟುತ್ತಾ ಕೇಳಿದಳು, "ಏನಾದ್ರೂ ಔಷಧ ತಗೋತೀರಾ ಅಂತ ಡಾಕ್ಟ್ರು ಕೇಳಿದ್ರಲ್ಲ, ಇಲ್ಲ ಅಂದ್ರಲ್ಲ ಯಾಕೆ?"

"ಫಿಟ್ಸ್ ಮಾತ್ರೆನೂ ಔಷಧವಾ? ಹದಿನಾಲ್ಕು ವರ್ಷದಿಂದ ಅನ್ನದ ಜೊತೆ ತಿಂತಿದೀನಿ."

ಅವಳು ಎದ್ದು ಮಾತ್ರೆ ಡಬ್ಬಿಯೊಳಗಿನ ಚೀಟಿ ಬಿಡಿಸಿದಳು. ಇರುವೆಯಷ್ಟು ಅಕ್ಷರ. ಕೆಲವು ಗಂಡಸರಲ್ಲಿ ವೀರ್ಯಾಣು ಕಡಿಮೆಯಾಗಬಹುದು, ಎಂದಿದೆ.

ಆಹಾ. ಶತ್ರು ದಿನಾ ನನ್ನ ತಟ್ಟೆಯ ಪಕ್ಕದಲ್ಲೇ ಕೂತಿದ್ದ.

ಮಾರ್ಚ್ 10
ಮಾತ್ರೆ ಬಿಟ್ಟೆ. ರೋತುವಾಗೆ ಹೇಳಿಲ್ಲ. ಈಸ್ಟರ್ ಒಳಗೆ ಒಂದು ಸುದ್ದಿ — ಅಷ್ಟು ಸಾಕು.

ಮಾರ್ಚ್ 24
ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಾಲಿಗೆ ಕಚ್ಚಿಹೋಗಿದೆ. ಬಲಭುಜ ಎತ್ತಲಾಗದು.

ಭಾನುವಾರ ತಮ್ಮನ ಎರಡನೆಯ ಮಗುವಿನ ನಾಮಕರಣ. ನಮ್ಮಲ್ಲಿ ಔತಣದ ಮಾಂಸವನ್ನು ಸಂಬಂಧ ನೋಡಿ, ಹೆಸರು ಕೂಗಿ ಹಂಚುತ್ತಾರೆ. "ದೊಡ್ಡಪ್ಪನ ಪಾಲು! ಪಾಯಿಮಾನ ಅಪ್ಪ!" ಎಂದು ಕೂಗಿದರು. ಎದ್ದೆ. ಆಮೇಲೆ ನೆನಪಿಲ್ಲ. ಪಾಲಿನ ಮೇಲೆಯೇ ಬಿದ್ದೆನಂತೆ.

ಯಾರೋ ಹಿರಿಯರು ಬಾಯಿಗೆ ಚಮಚ ಇಡಲು ಬಂದರಂತೆ. ಬಿನ್ಸಾರ್ ಕೈ ಹಿಡಿದನಂತೆ — "ಬಾಯಿಗೆ ಏನೂ ಹಾಕ್ಬೇಡಿ ತಾತಾ!" ಪಕ್ಕಕ್ಕೆ ಹೊರಳಿಸಿ, ಮಗುವನ್ನು ಹೊರಲೆಂದು ತಂದ ಹೊಸ ಶಾಲನ್ನೇ ಮಡಿಸಿ ತಲೆಯಡಿಗಿಟ್ಟನಂತೆ. ಸಾರು, ರಕ್ತ ಎಲ್ಲ ಅದಕ್ಕೇ.

ಇಷ್ಟು ಒಳ್ಳೆಯವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟದ ಕೆಲಸ! ಆದರೂ ಬಿಟ್ಟಿಲ್ಲ.

ಮಾರ್ಚ್ 27
ನರರೋಗದ ಡಾಕ್ಟರು, ಹೆಂಗಸು, ಅರ್ಧ ಗಂಟೆ ಬೈದರು.

"ಯಾರನ್ನ ಕೇಳಿ ಬಿಟ್ರಿ? ಸರೋವರದಲ್ಲಿ ದೋಣಿ ಮೇಲಿದ್ದಾಗ ಬಂದಿದ್ರೆ? ಮಗು ಬೇಕು ಅಂತ ಮೊದ್ಲೇ ನನಗೆ ಹೇಳೋಕೆ ಏನಾಗಿತ್ತು?"

ನಾಚಿಕೆಯಾಗಿತ್ತು.

ಬೇರೆ ಮಾತ್ರೆ ಕೊಟ್ಟಿದ್ದಾರೆ. ಹೊಸದು ನಿಧಾನಕ್ಕೆ ಏರಿಸುವುದು, ಹಳೆಯದು ನಿಧಾನಕ್ಕೆ ಇಳಿಸುವುದು.

"ಮಗು ಆಗುತ್ತಾ ಡಾಕ್ಟ್ರೇ?" ಅಂದಳು ರೋತುವಾ.

"ಎಣಿಕೆ ಏರಬಹುದು. ಏರದೇನೂ ಇರಬಹುದು. ನಾಲ್ಕು ತಿಂಗಳು ಬಿಟ್ಟು ಮತ್ತೆ ಟೆಸ್ಟ್."

ಮತ್ತೆ ಪಾಯಿಮಾ.

ಏಪ್ರಿಲ್ 5, ಈಸ್ಟರ್, ಸಂಜೆ 6:40
ಹಿರಿಯರು ಮಾತು ತೆಗೆದರು. ಅವರು ಮುಗಿಸುವ ಮೊದಲೇ ಎದ್ದು ನಿಂತೆ.

"ಅಮ್ಮಾ, ತಿಯೂರಜ್ಜಿ ಆಗಿಬಿಡು. ನನ್ನದು ಆಗುತ್ತೋ ಇಲ್ವೋ."

ಒಂದೊಂದು ಮಾತೂ ಮೀನಿನ ಮುಳ್ಳು.

ಅಮ್ಮ ಎಲೆಯಡಿಕೆ ಉಗಿದು ಬಂದಳು. "ನನಗೆ ಹೆಸರು ಇಡೋಕೆ ನೀನ್ಯಾರೋ? ಕಾಯ್ತೀನಿ ಅಂದೆ, ಮುಗೀತು. ಇವತ್ತಿನ ಮಾತ್ರೆ ತಿಂದ್ಯಾ?"

ಅಷ್ಟು ಜನರ ಮುಂದೆ! ಎಲ್ಲರೂ ನಕ್ಕರು. ಬಿನ್ಸಾರ್ ಎಲ್ಲರಿಗಿಂತ ಜೋರಾಗಿ, ಕಣ್ಣು ಒರೆಸಿಕೊಳ್ಳುತ್ತಾ. ಆ ನಗುವಿನಲ್ಲೂ ಎರಡು ಮಕ್ಕಳ ಗತ್ತು.

ಈ ದಿನಚರಿಯನ್ನು ಕದ್ದು ಓದುವ ಪುಣ್ಯಾತ್ಗಿತ್ತಿಯಲ್ಲಿ — ರೋತುವಾ, ಪುಟದ ಮೇಲೆ ಮೆಣಸಿನ ಬೆರಳಚ್ಚಿದೆ — ಒಂದು ಸಣ್ಣ ವಿನಂತಿ. ಏಳಕ್ಕೆ ಸರಿಯಾಗಿ ಮಾತ್ರೆಗೆ ಕೂಗು. ಹೊಸ ಡಬ್ಬಿಯ ಮುಚ್ಚಳ ಬಿಗಿ, ಭುಜ ಇನ್ನೂ ಏಳುತ್ತಿಲ್ಲ, ನೀನೇ ಸ್ವಲ್ಪ ತಿರುಗಿಸಿ ಕೊಡು.