ಕಿಟಕಿಯ ಸರಳಿಗೆ ಕಚ್ಚಿಸಿದ ಕ್ಲ್ಯಾಂಪು

ಎರಡನೇ ಬೇಸಿಗೆಯ ಹದಿನಾಲ್ಕನೇ ದಿನ, 2189
ಕೆಳದಂಡೆಯ ತಣ್ಗೂಡು, ತುಂಗಭದ್ರೆ

ವೃತ್ತಿ ತರಬೇತಿ ಯೋಜನೆಯ ಮೌಲ್ಯಮಾಪನ ಅಧಿಕಾರಿ ರಾಜಶೇಖರ ಕುಪ್ಪಸ್ತ ಅವರಿಗೆ,

ನಿಮ್ಮ ಪಂಚಾಂಗದಲ್ಲಿ ಎರಡನೇ ಬೇಸಿಗೆ ಎಂಬುದಿಲ್ಲ, ನಮ್ಮದರಲ್ಲಿ ಇದೆ. ನನ್ನ ಕನ್ನಡ ಅಲ್ಲಲ್ಲಿ ಕಡತದ ಹಾಗೆ ಕೇಳಿಸಿದರೆ ಮನ್ನಿಸಿ. ನಿಮ್ಮ ಕಾಲದ ಬರವಣಿಗೆಯನ್ನು ನಾನು ಕಲಿತದ್ದೇ ನಿಮ್ಮ ವರದಿಯಿಂದ. 'ಸದರಿ ಫಲಾನುಭವಿ' ಎಂದರೆ ಒಬ್ಬ ಮನುಷ್ಯ ಎಂದು ತಿಳಿಯಲು ನನಗೆ ಒಂದು ವರ್ಷ ಹಿಡಿಯಿತು. ಮುಂದೆ ಬರೆಯುವುದಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ನಿಮ್ಮ ಸಹಿ ಕಂಡಾಗಲೆಲ್ಲ ಹೇಸಿ ಪುಟ ಮಗುಚುತ್ತೇನೆ.

ನಾವು ವರ್ಷದಲ್ಲಿ ಏಳು ತಿಂಗಳು ನೆಲದಡಿಯಲ್ಲಿ ಇರುತ್ತೇವೆ. ಆ ಊರಿಗೆ ತಣ್ಗೂಡು ಎನ್ನುತ್ತೇವೆ. ನದಿಯ ನೀರಿನಲ್ಲಿ ತಣಿಸಿದ ಗಾಳಿ ಕಬ್ಬಿಣದ ಉಸಿರುಗೊಳವೆಗಳಲ್ಲಿ ಓಣಿ ಓಣಿಗೆ ಬರುತ್ತದೆ. ಕೊಳವೆ ಒಬ್ಬರು ತೆವಳುವಷ್ಟು ಅಗಲ. ರೊಟ್ಟಿ ಬಡಿಯುವುದು ಅದರ ಬಾಯಿಯ ಎದುರು, ತೊಟ್ಟಿಲು ಕಟ್ಟುವುದೂ ಅಲ್ಲೇ. ಗಾಳಿಯ ಸದ್ದು ಸ್ವಲ್ಪ ಬದಲಾದರೂ ಮಾತು ನಿಲ್ಲಿಸಿ ಕಿವಿಗೊಡುತ್ತೇವೆ. ಎಲ್ಲಾದರೂ ಬೆಸುಗೆ ಬಿಟ್ಟರೆ ಆ ಓಣಿಯ ಗಾಳಿ ನಿಲ್ಲಿಸಿ ಒಬ್ಬರು ಒಳಗೆ ತೆವಳಿ ವೆಲ್ಡಿಂಗ್ ಮಾಡಬೇಕು. ಅರ್ಧ ಗಂಟೆಯಲ್ಲಿ ಮುಗಿಯಬೇಕು. ಮುಗಿಯದಿದ್ದರೆ ಮೇಲಿನ ಬಿಸಿ ಒಳನುಗ್ಗುತ್ತದೆ, ಕೊಳವೆಯಲ್ಲಿರುವವರು ಹೊರಗೆ ಬರುವುದಿಲ್ಲ.

ನಡುವೆ ಎಂಬತ್ತು ವರ್ಷ ಈ ಕೆಲಸವನ್ನೆಲ್ಲ ಯಂತ್ರಗಳೇ ಮಾಡಿದವು. ಅವು ಕೆಟ್ಟು ಕೂತಾಗ ಒಬ್ಬರ ಹೊರತು ಯಾರ ಕೈಗೂ ಏನೂ ಗೊತ್ತಿರಲಿಲ್ಲ. ಆಗ ಹಿರಿಯರು ಒಣಕೋಣೆ, ಅಂದರೆ ಹಳೆಯ ಕಾಗದಗಳನ್ನು ಕಾಪಿಟ್ಟ ಕೋಣೆಯನ್ನು ತೆರೆಸಿದರು. ವೆಲ್ಡಿಂಗ್ ತರಬೇತಿಯ ಎರಡು ವರದಿಗಳು ಸಿಕ್ಕವು. ಒಂದು ನಿಮ್ಮದು, ಬಣ್ಣದ ಹೊದಿಕೆಯದು. ನಲವತ್ತೈದು ದಿನ, ನಲವತ್ತು ಮಂದಿ, ಯಶಸ್ಸು ಶೇಕಡಾ ತೊಂಬತ್ತೇಳೂವರೆ. ಉಳಿದ ಒಬ್ಬಳು ಮದುವೆಯಾಗಿ ಹೋದಳಂತೆ. ಇನ್ನೊಂದು ಬೇರೆ ತಂಡಕ್ಕೆ ಕಲಿಸಿದ ಯಾರೋ ಬೋಧಕರು ಕೈಯಲ್ಲಿ ಬರೆದದ್ದು, ಹೆಸರಿನ ಜಾಗ ಹರಿದುಹೋಗಿತ್ತು. ಅದರಲ್ಲಿ ನಲವತ್ತು ಮಂದಿಯಲ್ಲಿ ಒಂಬತ್ತು ಮಂದಿಗೆ ಮಾತ್ರ ನೇರ ಬೆಸುಗೆ ಬಂತು ಎಂದಿತ್ತು. ಸೋತ ಯೋಜನೆ ನಮಗೇಕೆ ಎಂದು ಹಿರಿಯರು ಅದನ್ನು ಬದಿಗೆಸೆದು ನಿಮ್ಮದನ್ನು ಎತ್ತಿಕೊಂಡರು.

ಆಮೇಲೆ ನಾವು ಶ್ರದ್ಧೆಯಿಂದ ನಿಮ್ಮನ್ನು ಅನುಸರಿಸಿದೆವು. ಮೊದಲ ದಿನ ಬ್ಯಾನರು. ಕೊನೆಯ ದಿನ ಪ್ರತಿಯೊಬ್ಬರೂ ಒಂದೇ ನೀಲಿ ಕೋಟನ್ನು ಸರದಿಯಲ್ಲಿ ತೊಟ್ಟು, ಮುಖಕ್ಕೆ ಶೀಲ್ಡ್ ಇಳಿಸಿ, ಬೆಸುಗೆಯ ರಾಡು ಸಿಕ್ಕಿಸುವ ಹೋಲ್ಡರ್ ಹಿಡಿದು ಫೋಟೋ. ತೊಂಬತ್ತನೆಯ ದಿನ ನೀವು ಫೋನು ಮಾಡಿ ಕೆಲಸದಲ್ಲಿ ಇದ್ದಾರೆಯೇ ಎಂದು ಕೇಳುತ್ತಿದ್ದಿರಿ. ನಮ್ಮಲ್ಲಿ ಫೋನಿಲ್ಲ, ಕೊಳವೆಯ ಬಾಯಿಗೆ ನಿಂತು ಕೂಗುತ್ತೇವೆ. ಆ ತುದಿಯಿಂದ ಯಾರು ಹೂಂ ಅಂದರೂ ಯಶಸ್ಸು ಎಂದು ಗುರುತು ಹಾಕುತ್ತೇವೆ. ನಾನು ಇಲ್ಲಿಯ ನೋಟಗಾತಿ. ಕಲಿತರೋ ಇಲ್ಲವೋ ನೋಡಿ ಬರೆಯುವುದು ನನ್ನ ಕೆಲಸ, ಅಂದರೆ ನಿಮ್ಮದೇ ಕೆಲಸ. ಮೂರು ವರ್ಷ ನಾನೂ ತೊಂಬತ್ತೇಳೂವರೆ ಎಂದೇ ಬರೆದೆ. ಆ ಅಂಕಿ ಬರೆದರೆ ಎಲ್ಲರ ಮುಖವೂ ಅರಳುತ್ತಿತ್ತು.

ನಿಮ್ಮ ಫೋಟೋಗಳಲ್ಲಿ ಇನ್ನೊಂದು ಸಂಗತಿ ಇತ್ತು. ಯಂತ್ರದ ಅರ್ಥ್ ಕ್ಲ್ಯಾಂಪು, ಅಂದರೆ ಅದರ ಎರಡನೇ ತಂತಿಯ ತುದಿಯ ಇಕ್ಕಳ, ಪ್ರತಿ ಫೋಟೋದಲ್ಲೂ ಕಿಟಕಿಯ ಸರಳಿಗೆ ಕಚ್ಚಿಕೊಂಡಿತ್ತು. ನೆಲದಡಿ ಕಿಟಕಿ ಎಲ್ಲಿಂದ ಬರಬೇಕು? ನಾವು ಮರದ ಒಂದು ಕಿಟಕಿ ಮಾಡಿಸಿ, ಅದಕ್ಕೆ ಸರಳು ಕೂಡಿಸಿ, ತರಬೇತಿಯ ಮೊದಲ ಪಾಠವಾಗಿ ಕ್ಲ್ಯಾಂಪನ್ನು ಅಲ್ಲಿಗೆ ಕಚ್ಚಿಸುವುದನ್ನು ಕಲಿಸಿದೆವು. ಕಿಡಿ ಬರಲೇ ಇಲ್ಲ. ಬರುವುದು ಕೊಳವೆಯೊಳಗೆ ಹೋದ ಮೇಲೆ ಎಂದುಕೊಂಡೆವು. ನಮ್ಮ ಪೆದ್ದುತನಕ್ಕೂ ನನಗೆ ಹೇಸಿಗೆಯೇ.

ಊರಿನಲ್ಲಿ ಕೆಲಸ ಬಲ್ಲವರು ಒಬ್ಬರೇ, ಮಾಬುಸಾಬರು. ಯಂತ್ರಗಳು ಕೆಟ್ಟ ಮೇಲೆ ತಾವೇ ಕಲಿತು ಇಷ್ಟು ವರ್ಷ ನಮ್ಮ ಕೊಳವೆಗಳನ್ನು ಉಳಿಸಿದವರು. ಪ್ರಮಾಣಪತ್ರ ಇಲ್ಲವೆಂದು ಹಿರಿಯರು ಕಳೆದ ವರ್ಷ ಅವರನ್ನು ಮನೆಗೆ ಕಳಿಸಿದ್ದರು. ಮೊನ್ನೆ ಅವರು ತರಬೇತಿ ಕೋಣೆಗೆ ಬಂದು ಕಿಟಕಿಯನ್ನು ಬಹಳ ಹೊತ್ತು ನೋಡಿದರು. "ಏನವಾ ನೀಲಗಂಗವ್ವ, ಕ್ಲ್ಯಾಂಪ ಕಿಡಕೀಗೆ ಹಚ್ಚಿ ಕೊಳವಿ ಬೆಸೀತೀರೇನು? ಇದು ಕೆಲಸ ಮಾಡದಾಗ ತೂಗುಹಾಕೂ ಜಾಗಾ ಐತಿ" ಎಂದರು. ಕ್ಲ್ಯಾಂಪು ಬೆಸೆಯುವ ಕಬ್ಬಿಣವನ್ನೇ ಕಚ್ಚಿರಬೇಕಂತೆ, ಇಲ್ಲದಿದ್ದರೆ ಕಿಡಿ ಹುಟ್ಟುವುದಿಲ್ಲವಂತೆ. ನಾನು ಭೂತಗನ್ನಡಿ ತಂದು ನಿಮ್ಮ ನಲವತ್ತೂ ಫೋಟೋ ನೋಡಿದೆ. ಮದುವೆಯಾಗಿ ಹೋದವಳದೂ ಇತ್ತು. ಯಾವುದರಲ್ಲೂ ಯಂತ್ರ ಚಾಲೂ ಇರಲಿಲ್ಲ. ಪ್ರತಿಯೊಂದರ ಕೆಳಗೂ ನೀವು 'ಖುದ್ದು ಪರಿಶೀಲಿಸಲಾಗಿದೆ' ಎಂದು ಸಹಿ ಮಾಡಿದ್ದೀರಿ. ಕರೆಂಟು ಇರಲಿಲ್ಲವೋ, ರಾಡು ಇರಲಿಲ್ಲವೋ, ನಿಮಗೆ ಬಸ್ಸಿಗೆ ಹೊತ್ತಾಗಿತ್ತೋ ನಾನರಿಯೆ. ನಲವತ್ತು ಸಲ ಕ್ಲ್ಯಾಂಪು ನಿಮ್ಮ ಕಣ್ಣೆದುರೇ ಇತ್ತು.

ನನ್ನ ತಂಗಿಯ ಮಗಳು ಫಕೀರವ್ವ ಈ ಸಲದ ನಲವತ್ತು ಮಂದಿಯಲ್ಲಿ ಒಬ್ಬಳು. ಹತ್ತೊಂಬತ್ತು ವರ್ಷ. ಮಾಬುಸಾಬರನ್ನು ಕಳಿಸಿದ ಮೇಲೆ ಮೊದಲ ಸಲ ಬೆಸುಗೆ ಬಿಟ್ಟಿದೆ, ಮೂರನೇ ಓಣಿಯದು; ನಾಡಿದ್ದು ಒಳಗೆ ಹೋಗುವ ಸರದಿ ಅವಳದು. ನಾನು ಯಶಸ್ವಿ ಎಂದು ಬರೆದರೆ ಅವಳು ಹೋಗಲೇಬೇಕು. ನಿನ್ನೆ ಬಂದು ಪಕ್ಕದಲ್ಲಿ ಕೂತು, "ದೊಡ್ಡವ್ವಾ, ಕಿಡಿ ಹೆಂಗ ಬರ್ತೈತಿ? ಒಮ್ಮೆ ಹೇಳು ಸಾಕು, ನಾ ಮಾಡ್ತೀನಿ" ಎಂದಳು. ಕ್ಲ್ಯಾಂಪು ಕಬ್ಬಿಣಕ್ಕೆ ಎಂಬುದರಾಚೆ ನನಗೆ ಏನೂ ಗೊತ್ತಿರಲಿಲ್ಲ. ಅವಳಿಗೆ ಮುಖ ತೋರಿಸಲಾಗದೆ ಎದ್ದುಹೋದೆ.

ಬದಿಗೆಸೆದ ಆ ಇನ್ನೊಂದು ವರದಿ ರೊಟ್ಟಿ ಬುಟ್ಟಿಯ ತಳದಲ್ಲಿ ಹಾಸಿದ್ದು ಸಿಕ್ಕಿತು. ಅದರಲ್ಲಿ ಬಾರದ ಮೂವತ್ತೊಂದು ಮಂದಿಯ ಹೆಸರೂ, ಏಕೆ ಬರಲಿಲ್ಲ ಎಂಬುದೂ ಇದೆ. ಒಬ್ಬನು ರಾಡನ್ನು ಕಬ್ಬಿಣಕ್ಕೆ ಒತ್ತಿ ಹಿಡಿದು ಅಂಟಿಸಿಬಿಡುತ್ತಾನೆ. ಒಬ್ಬಳು ಬೆಳಕಿಗೆ ಹೆದರಿ ತಲೆ ತಿರುಗಿಸುತ್ತಾಳೆ. ಆರು ತಿಂಗಳು ಬೇಕು, ನಲವತ್ತೈದು ದಿನ ಸಾಲದು. ಮಾಬುಸಾಬರಿಗೆ ಓದಿ ಹೇಳಿದೆ. "ಇಂವಾ ಕೆಲಸಗಾರ" ಎಂದರು, ಕಣ್ಣೊರೆಸಿಕೊಂಡರು. ನಮಗೆ ಬೇಕಾದದ್ದೆಲ್ಲ ಆ ಸೋತ ವರದಿಯಲ್ಲೇ ಇತ್ತು.

ಇಂದು ಬೆಳಿಗ್ಗೆ ನಮೂನೆ ತುಂಬಿದೆ. ತರಬೇತಿ ಪಡೆದವರು ನಲವತ್ತು, ಕಲಿತವರು ಸೊನ್ನೆ. ಹಿರಿಯರು ನನ್ನನ್ನು ಕೆಲಸದಿಂದ ತೆಗೆದರು, ತೆಗೆಯಲಿ. ಫಕೀರವ್ವ ಒಳಗೆ ಹೋಗುವುದಿಲ್ಲ. ಆದರೆ ಮೂರನೇ ಓಣಿಯಲ್ಲಿ ಇಪ್ಪತ್ತಾರು ಮನೆಗಳಿವೆ, ಯಾರಾದರೂ ಹೋಗಲೇಬೇಕು. ಮಾಬುಸಾಬರು ಹೋಗುತ್ತಾರೆ. ಅವರಿಗೆ ಎಪ್ಪತ್ತೆಂಟು, ಕೈ ನಡುಗುತ್ತದೆ. ತಾವು ಹೊರಗೆ ಬರದಿದ್ದರೂ ಒಬ್ಬರಿಗಾದರೂ ಕೆಲಸ ಗೊತ್ತಿರಲಿ ಎಂದು ಈಗ ತಮ್ಮ ಅಂಗಳದಲ್ಲಿ ಫಕೀರವ್ವನಿಗೆ ಕಿಡಿ ಹಚ್ಚುವುದನ್ನು ಕಲಿಸುತ್ತಿದ್ದಾರೆ. ಅವಳು ತಗಡಿಗೆ ತೂತಿನ ಮೇಲೆ ತೂತು ಮಾಡುತ್ತಿದ್ದಾಳೆ. ಇರುವುದು ಎರಡು ದಿನ.

ಕಾಲದಲ್ಲಿ ಹಿಂದಕ್ಕೆ ಕಳಿಸುತ್ತಿರುವ ಈ ಕಾಗದ ನಿಮ್ಮ ಕೈಸೇರುವ ದಿನ ಆ ವರದಿಗೆ ನೀವಿನ್ನೂ ಸಹಿ ಮಾಡಿರುವುದಿಲ್ಲ. ಕೇಳುವುದು ಇಷ್ಟೇ. ಪೆನ್ನು ಕೆಳಗಿಡಿ, ಎದ್ದು ಆ ಕೋಣೆಗೆ ಹೋಗಿ, ಕಿಟಕಿಯಿಂದ ಕ್ಲ್ಯಾಂಪು ತೆಗೆದು ಕಬ್ಬಿಣಕ್ಕೆ ಕಚ್ಚಿಸಿ. ಆಮೇಲೆ ಎಷ್ಟು ಮಂದಿಗೆ ಬರಲಿಲ್ಲ ಎಂದು ಬರೆಯಿರಿ.

ನೀಲಗಂಗವ್ವ
ಇಂದು ಬೆಳಿಗ್ಗೆಯವರೆಗೆ ನೋಟಗಾತಿ